ಮೇಲಿನಿಂದ ಬಿಟ್ಟು ಬದಲಿಸುವುದು

ಕುಂದಗೋಳದ ಸ್ಟೇಷನ್ ರಸ್ತೆಯಲ್ಲಿ ಕಾಶಿನಾಥನ ಬಡಿಗತನದ ಶೆಡ್ಡಿದೆ. ಅಲ್ಲಿ ದೇವರಮನೆಯ ಬಾಗಿಲುಗಳೇ ಹೆಚ್ಚು ತಯಾರಾಗುತ್ತವೆ. ಶೆಡ್ಡಿನ ನಡುವೆ ರೌಟರ್ ಮೇಜು. ರೌಟರ್ ಎಂಬ ಮೋಟಾರು ಮೇಜಿನ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ. ಅದರ ತುದಿಗೆ ಬಿಗಿದ ಬಿಟ್ಟು, ಅಂದರೆ ಕೊರೆಯುವ ಅಲಗು, ತೂತಿನಿಂದ ಬೆರಳಷ್ಟು ಮೇಲೆ ಬರುತ್ತದೆ. ಮೇಲೆ ನಿಂತವನು ಕಟ್ಟಿಗೆ ತಳ್ಳಿದರೆ ಅಂಚಿಗೆ ನಕ್ಷೆ ಮೂಡುತ್ತದೆ. ನಕ್ಷೆ ಬದಲಾದಾಗಲೆಲ್ಲ ಬಿಟ್ಟೂ ಬದಲಾಗಬೇಕು. ಅದಕ್ಕೆ ಯಾರಾದರೂ ನಟ್ಟು ತಿರುವುವ ಎರಡು ಪಾನಾ ಹಿಡಿದು, ಮೊಣಕಾಲೂರಿ ಮೇಜಿನಡಿ ನುಸುಳಬೇಕು. ಕಣ್ಣಿಗೆ ಉದುರುವ ಕಟ್ಟಿಗೆ ಪುಡಿಯಲ್ಲಿ, ಬಿಟ್ಟನ್ನು ಹಿಡಿದಿರುವ ಕೊಲೆಟ್ಟಿನ ನಟ್ಟು ಸಡಿಲಿಸಬೇಕು.

ಆ ಯಾರಾದರೂ ಯಾವಾಗಲೂ ಮಲ್ಲಮ್ಮನೇ.

ಮೇಲೆ ನಿಲ್ಲುವವನು ಕಾಶಿನಾಥನ ತಮ್ಮನ ಮಗ ಈರೇಶ. ಅವನೂ ಮಲ್ಲಮ್ಮನೂ ಒಂದೇ ಐಟಿಐನಲ್ಲಿ ಒಂದೇ ಬೆಂಚಿನ ಮೇಲೆ ರಂದಾ ಹೊಡೆಯಲು ಕಲಿತವರು. ಮಲ್ಲಮ್ಮನಿಗೆ 'ನೀನು ಮೇಲೆ ಮುಟ್ಟಬೇಡ' ಎಂದು ಯಾರೂ ಹೇಳಿರಲಿಲ್ಲ. ಹಾಗೆ ಬಾಯಿಬಿಟ್ಟು ಹೇಳಿದರೆ ಕೇಸಾಗುವ ಕಾಲವಿದು. ಈಗ ಮೆತ್ತಗಿನ ಮಾತುಗಳಿವೆ. ಸಲಕರಣೆಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಮೇಜಿಗೆ ವಿಭೂತಿ ಎಳೆದ ಕಾಶಿನಾಥ, "ದೇವರ ಬಾಗಲಾ ಆಗೂ ಜಾಗಾ, ಮನಿಯವ್ರ ಕೈಯಾಗ ಇರಲಿ" ಎಂದಿದ್ದ. ಮನೆಯವರು! ಮಲ್ಲಮ್ಮ ಊರಂಚಿನ ಕೇರಿಯವಳು, ಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡವಳು. ಅವಳನ್ನು ಕೆಳಗೆ ಕಳಿಸುವಾಗ ಅವನು, "ಕಾಯಕದಾಗ ಮ್ಯಾಲ ಕೆಳಗ ಅನ್ನೂದು ಇಲ್ಲವ್ವಾ" ಎಂದು ನಗುತ್ತಿದ್ದ. ಇಲ್ಲವೆಂದ ಮೇಲೆ ತಾನೂ ಒಂದು ದಿನ ಇಳಿದು ನೋಡಬಹುದಿತ್ತು. ಇಳಿಯಲಿಲ್ಲ.

ಒಮ್ಮೆ ಕಾದ ಬಿಟ್ಟು ಜಾರಿ ಮಲ್ಲಮ್ಮನ ಮುಂಗೈ ಸುಟ್ಟಿತು. ಆಮೇಲೆಯೇ ಅವಳು ಮೊಬೈಲಿನಲ್ಲಿ ಕೊಲೆಟ್ ಎಕ್ಸ್‌ಟೆನ್ಶನ್ ನೋಡಿದ್ದು. ಉಕ್ಕಿನ ಒಂದು ಕುತ್ತಿಗೆ. ಬುಡವನ್ನು ರೌಟರಿಗೆ ಬಿಗಿದರೆ, ತುದಿಯ ಹೊಸ ಕೊಲೆಟ್ಟು ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ಬಿಟ್ಟು ಬದಲಿಸಲು ಯಾರೂ ತೆವಳಬೇಕಿಲ್ಲ.

"ಅಗದಿ ಚಲೋ ಆತು, ಕೆಲಸ ಲಗೂ ಆಗತೈತಿ" ಎಂದ ಕಾಶಿನಾಥ, ಅವಳು ತೋರಿಸಿದ ಮೊಬೈಲ್ ನೋಡಿ. "ಈರೇಶನ ಕೂಡ ಹುಬ್ಬಳ್ಳಿಗೆ ಹೋಗಿ ತಾ."

ಮನೆಯಲ್ಲಿ ತಾಯಿ ಫಕೀರವ್ವ ಹಣೆ ಬಡಿದುಕೊಂಡಳು. "ಖೋಡಿ, ನಿನ್ನ ಕಾಲಿಗೆ ನೀನ ಕೊಡ್ಲಿ ಹಾಕ್ಕೊಂತಿ. ಕೆಳಗ ಇಳಿಯೂ ಕೆಲಸ ಹ್ವಾದ್ರ ನಿನ್ನ್ಯಾಕ ಇಟ್ಕೊಂತಾರ?"

"ಮ್ಯಾಲ ನಿಲ್ಲಾಕ."

"ಹೂಂ, ನಿಲ್ಲಸ್ತಾರ ತಡಿ, ಆರತಿ ಮಾಡಿ!"

ಹುಬ್ಬಳ್ಳಿಯಲ್ಲಿ ಹತ್ಯಾರದ ಅಂಗಡಿಯ ಶಕೀಲ್ ಎರಡು ನಮೂನೆ ತೆಗೆದಿಟ್ಟ. ಒಂದರಲ್ಲಿ ಬಿಟ್ಟನ್ನು ಹಿಡಿಯಲು ಪಕ್ಕದಿಂದ ಒತ್ತುವ ಸಣ್ಣ ಸ್ಕ್ರೂ ಇತ್ತು. ಈರೇಶ ಅದನ್ನೇ ಎತ್ತಿಕೊಂಡ.

"ಇದ ಸಾಕು. ಸ್ಕ್ರೂ ತಿರುವಿದ್ರ ಮುಗೀತು."

"ಒಂದ ಬಾಜೂಕಿಂದ ಒತ್ತಿದ್ರ ಬಿಟ್ಟು ವಾಲತೈತಿ" ಎಂದಳು ಮಲ್ಲಮ್ಮ. "ತಿರುಗೂಮುಂದ ನಡುಗಿ ಹಾರಿ ಬಂದ್ರ ಯಾರ ಎದಿಗೆ ಬಡಿಯೂದು? ನಿನ್ನ ಎದಿಗೇ."

"ನಿನಗೇನ ಗೊತ್ತು? ನೀ ಕೆಳಗಿನಾಕಿ."

"ಕೆಳಗಿದ್ದದ್ದಕ್ಕ ಗೊತ್ತು. ನಿನಗ ಬರೇ ಹೂವಿನ ಡಿಸೈನ್ ಕಾಣತೈತಿ."

ಶಕೀಲ್ ನಕ್ಕುಬಿಟ್ಟ. "ಈರೇಶಣ್ಣಾ, ಸುಮ್ನ ಕೇಳಪಾ ಅಕ್ಕನ ಮಾತ."

ಮಲ್ಲಮ್ಮ ಎರಡನೆಯದನ್ನು ಕೈಗೆತ್ತಿಕೊಂಡಳು. ಸೀಳಿದ ಕೊಲೆಟ್ಟು, ಮೇಲೊಂದು ನಟ್ಟು. ಬಿಗಿದರೆ ಬಿಟ್ಟನ್ನು ಸುತ್ತಲಿಂದಲೂ ಸಮನಾಗಿ ಅಪ್ಪುತ್ತದೆ. ಅದರ ಬುಡದ ದಪ್ಪ ಅರ್ಧ ಇಂಚು ಇದೆಯೆಂದು, ತಮ್ಮ ರೌಟರಿಗೆ ಕೂಡುತ್ತದೆಂದು ಅಳೆಸಿ ಖಾತ್ರಿ ಮಾಡಿಕೊಂಡಳು. "ಇದರಾಗ ಇನ್ನೂ ಉದ್ದಂದು ಕೊಡ್ರಿ."

"ಬ್ಯಾಡಕ್ಕಾ. ಉದ್ದ ಆದಷ್ಟ ನಡುಗ ಜಾಸ್ತಿ. ನಟ್ಟು ಮೇಜಿನ ಮ್ಯಾಲ ಕಂಡ್ರ ಸಾಕು. ಮತ್ತ ದೊಡ್ಡ ಬಿಟ್ಟು ಹಾಕಿದಾಗ ಸ್ಪೀಡ್ ಕಡಿಮಿ ಇಡ್ರಿ."

ಅವನ ಮಾತು ಸರಿಯೆನಿಸಿ ಗಿಡ್ಡದ್ದನ್ನೇ ತಂದಳು.

ಮರುದಿನ ಶೆಡ್ಡಿಗೆ ಕುಬಿಹಾಳದ ಮಡಿವಾಳೆಪ್ಪ ಬಂದಿದ್ದ. ಅಂದು ಕೊರೆಯಬೇಕಾಗಿದ್ದದ್ದು ಅವನ ಮನೆಯದೇ ಬಾಗಿಲು. ಮಲ್ಲಮ್ಮ ಮೇಜಿನಡಿ ಹೋಗಿ ಎಕ್ಸ್‌ಟೆನ್ಶನ್ ಬಿಗಿದಳು. ಹೊರಬಂದು ತಲೆಗೂದಲಿನ ಪುಡಿ ಝಾಡಿಸಿ, ಪಾನಾ ಹಿಡಿದು ಮೇಜಿನ ಮುಂದೆ ನಿಂತಳು. ನಿಂತದ್ದೇ ತಡ, ಕಾಶಿನಾಥ ಕುರ್ಚಿಯಿಂದೆದ್ದ.

"ಆತಲ್ಲ. ಪಾನಾ ಈರೇಶಗ ಕೊಡು. ನೀ ಹಿಂದ ಹೋಗಿ ಪಾಲಿಶ್ ಕಾಗದ ತಿಕ್ಕು."

"ಬಿಟ್ಟು ಬದಲಿ ಮಾಡೂದು ನನ್ನ ಕೆಲಸರಿ."

"ಕೆಳಗ ಇದ್ದಾಗ ನಿಂದು. ಈಗ ಮ್ಯಾಲ ಬಂತಲ್ಲ."

ಎಷ್ಟು ಸಲೀಸಾಗಿ ಅಂದುಬಿಟ್ಟ! ಕೆಲಸ ಅದೇ, ನಟ್ಟು ಅದೇ, ತಿರುವುವ ಕೈಯೂ ಅದೇ. ಮೊಣಕಾಲ ಮೇಲಿದ್ದಾಗ ಅವಳದ್ದಾಗಿದ್ದು, ನೆಟ್ಟಗೆ ನಿಂತ ಕೂಡಲೇ ಬೇರೆಯವರದಾಯಿತು.

"ಗಿರಾಕಿ ನಿಂತಾರ" ಎಂದು ಕಾಶಿನಾಥ ದನಿ ತಗ್ಗಿಸಿದ. "ದೇವರ ಬಾಗಲಾ ಐತಿ. ತಿಳಕೋ."

ಮಲ್ಲಮ್ಮ ದನಿ ತಗ್ಗಿಸಲಿಲ್ಲ. "ಇಷ್ಟ ದಿನ ನಿಮ್ಮ ದೇವರ ಬಾಗಲಾ ಕೊರದ ಬಿಟ್ಟು ಬಿಗದಾರ ಯಾರ್ರಿ? ಆ ತೂತಿನ್ಯಾಗಿಂದ ಮ್ಯಾಲ ಬರೂದ್ರಾಗ ಅದು ಮಡಿ ಆಗತಿತ್ತೇನು?"

ಮಡಿವಾಳೆಪ್ಪ ಕೆಮ್ಮಿದ. "ನಮಗೇನ ಇಲ್ಲಪಾ ಅಂಥಾದ್ದು. ಆದ್ರ ಮನ್ಯಾಗ ಹಿರೇರು ಅದಾರ..."

ಇವರಿಗೆ ಎಂದೂ ಏನೂ ಇರುವುದಿಲ್ಲ. ಇರುವುದೆಲ್ಲ ಮನೆಯ ಹಿರಿಯರಿಗೆ. ಆ ಹಿರಿಯರನ್ನು ಕೇಳಿದರೆ ಅವರು ಸತ್ತವರ ಕಡೆ ಬೆರಳು ತೋರಿಸುತ್ತಾರೆ.

"ಹಿರೇರ್ನ ಕರಕೊಂಡ ಬರ್ರಿ ಯಜಮಾನ್ರ" ಎಂದಳು ಮಲ್ಲಮ್ಮ. "ಮಾತಾಡೂಣು" ಎನ್ನುತ್ತಲೇ ಕೊಲೆಟ್ಟಿಗೆ ಬಿಟ್ಟು ಇಳಿಸಿ, ನಟ್ಟು ಬಿಗಿದು, ಸ್ಪೀಡಿನ ಗುಂಡಿ ಕಡಿಮೆ ಮಾಡಿದಳು. ಈರೇಶ ಮೇಜಿನ ಆಚೆ ತುದಿಯಲ್ಲಿ ಕಟ್ಟಿಗೆ ಅಪ್ಪಿಕೊಂಡು ನಿಂತೇ ಇದ್ದ.

ಕಾಶಿನಾಥ ದಡದಡನೆ ಗೋಡೆಗೆ ಹೋಗಿ ಮೇನ್ ಸ್ವಿಚ್ ಕೆಳಗೆಳೆದ. ಅದಕ್ಕೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತ. "ತಿರುಗಸು ಈಗ. ನೋಡೂಣು."

ಮಲ್ಲಮ್ಮ ಪಾನಾ ಕೆಳಗಿಟ್ಟಳು. ಬರಿಗೈಯಲ್ಲಿ ನೇರ ಅವನೆಡೆಗೆ ನಡೆದಳು.

"ಏ, ಅಲ್ಲೇ ನಿಲ್ಲು."

ನಿಲ್ಲಲಿಲ್ಲ.

"ದೂರ ನಿಲ್ಲು ಅಂದೆ! ಏ!"

ಅವಳ ನಡಿಗೆ ಜೋರಾಗಲಿಲ್ಲ, ಮೆಲ್ಲಗೂ ಆಗಲಿಲ್ಲ. ಅವನು ಅಲುಗದೆ ನಿಂತಿದ್ದರೆ ಮುಗಿಯುತ್ತಿತ್ತು. ಅಷ್ಟು ದೊಡ್ಡ ಮೈಯನ್ನು ಸರಿಸುವ ಬಲ ಅವಳಿಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಅವಳ ಭುಜ ಇನ್ನೇನು ತಾಗಬೇಕು, ಕಾಶಿನಾಥ ಅಂಗಿಯ ಅಂಚನ್ನು ಮುದುರಿಕೊಂಡು ಪಕ್ಕಕ್ಕೆ ಜಿಗಿದ. ಯಾರೂ ತಳ್ಳಲಿಲ್ಲ. ಅವನೊಳಗಿನ ಹೊಲಸೇ ಅವನನ್ನು ತಳ್ಳಿತು.

ಮಲ್ಲಮ್ಮ ಮೇನ್ ಎತ್ತಿದಳು. ತಿರುಗಿ ಬಂದು ಮೇಜಿನ ಮುಂದೆ ನಿಂತಳು.

"ಈರೇಶ, ಕಟ್ಟಿಗಿ ತಾ. ಹಿಡಿತಿಯೋ, ನಾ ಒಬ್ಬಾಕಿನ ತಳ್ಳಲೋ?"

ಅವನು ದೊಡ್ಡಪ್ಪನ ಮುಖ ನೋಡಿದ. ಕಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ.

ಅವಳು ಮೇಜಿನ ಗುಂಡಿ ಒತ್ತಿದಳು. ಬಿಟ್ಟು ನಡುಗದೆ ತಿರುಗಿತು. ಕಟ್ಟಿಗೆಯ ಒಂದು ತುದಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಬ್ಬಳೇ ತಳ್ಳತೊಡಗಿದಳು. ಕಾಶಿನಾಥ ಕೈ ಬೀಸುತ್ತ ಒದರುತ್ತಿದ್ದ. ಸದ್ದಿನಲ್ಲಿ 'ನಾಳಿಂದ' ಎಂಬುದಷ್ಟೇ ಕೇಳಿತು.

"ನಾಳಿನೂ ಬರ್ತೀನ್ರಿ" ಎಂದು ಅವಳೂ ಅಷ್ಟೇ ಜೋರಾಗಿ ಒದರಿದಳು. "ಇಲ್ಲೇ ನಿಲ್ಲತೀನಿ. ಸರಿಸಾಕ ಬರ್ರಿ, ಮುಟ್ಟಿ ಸರಿಸ್ರಿ!"