ಲಾಲಬಿಯ ಜೋಳದ ದಂಟು

ಇಳಕಲ್ಲಿನಲ್ಲಿ ಬಣ್ಣದ ಲಾಲಬಿಯ ನಾಲಿಗೆಯನ್ನು ನಂಬದವರಿರಲಿಲ್ಲ. ನೂಲಿಗೆ ಬಣ್ಣ ಕಚ್ಚಲೆಂದು ಪಟಕ ಕರಗಿಸಿದ ನೀರನ್ನು ಒಂದು ಹನಿ ನೆಕ್ಕಿದಳೆಂದರೆ ಬಾನಿಯಲ್ಲಿ ಪಟಕವೆಷ್ಟು, ನೀರೆಷ್ಟು, ಆ ನೀರು ಯಾವ ಬಾವಿಯದು, ಸೇದಿದವಳು ಅತ್ತೆಯೊಡನೆ ಜಗಳಾಡಿ ಬಂದಿದ್ದಳೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು.

ಅಂಥ ನಾಲಿಗೆಗೆ ಈಗ ಬೀಗ ಬಿದ್ದಿತ್ತು. ರಂಜಾನ್ ತಿಂಗಳು, ಲಾಲಬಿ ರೋಜಾ ಹಿಡಿದಿದ್ದಳು.

ನೇಕಾರ ಅಮಾತೆಪ್ಪನ ಹೆಂಡತಿ ಸಿದ್ದವ್ವ ರೇಷ್ಮೆಯ ಲಡಿ ಹಿಡಿದು ಲಾಲಬಿಯ ಅಂಗಳದಲ್ಲಿ ಕೂತಿದ್ದಳು. ಮಗಳು ಇಂದ್ರವ್ವನ ಮದುವೆ ಸೀರೆಯ ಸೆರಗಿಗೆ ಇದ್ದದ್ದು ಅದೊಂದೇ ಲಡಿ. ಇವತ್ತು ಪಟಕದ ನೀರಲ್ಲಿ ನೆನೆದರೆ ನಾಳೆ ಅರಗಿನ ಕೆಂಪು ಹತ್ತುತ್ತದೆ, ನಾಡಿದ್ದು ಮಗ್ಗಕ್ಕೇರುತ್ತದೆ. ಒಂದು ದಿನ ತಪ್ಪಿದರೂ ಹುಡುಗಿ ಹಳೇ ಸೀರೆಯಲ್ಲೇ ಅಕ್ಕಿಕಾಳಿಗೆ ನಿಲ್ಲಬೇಕು.

ತೊಡಕಿದ್ದದ್ದು ಬಾನಿಯಲ್ಲಿ. ಎಂಟು ದಿನದ ಬಿಸಿಲಿಗೆ ಅರ್ಧ ನೀರು ಆರಿಹೋಗಿತ್ತು. ಲಾಲಬಿಯ ಸೊಸೆ ಮುಮ್ತಾಜ ಎಣಿಸದೆ ಒಂದಷ್ಟು ಕೊಡ ಸುರಿದಿದ್ದಳು. ಪಟಕ ಹೆಚ್ಚಾದರೆ ಎಳೆ ಒರಟಾಗಿ ಮಗ್ಗದಲ್ಲಿ ಹರಿಯುತ್ತದೆ. ಕಡಿಮೆಯಾದರೆ ಮೊದಲ ಒಗೆತಕ್ಕೇ ಕೆಂಪೆಲ್ಲ ಹಳ್ಳದ ಪಾಲು. ಹೊಸದಾಗಿ ಕರಗಿಸೋಣವೆಂದರೆ ಮನೆಯಲ್ಲಿ ನಿಂಬೆಗಾತ್ರದ ಪಟಕವಷ್ಟೇ ಉಳಿದಿತ್ತು. ಉಳಿದದ್ದು ಹುನಗುಂದದ ಸಂತೆಯಿಂದ ಬರಬೇಕು.

"ಒಂದ ಹನಿ ನೆಕ್ಕಿ ಉಗಳಬೇ. ಯಾರ ನೋಡ್ತಾರ?" ಎಂದಳು ಸಿದ್ದವ್ವ.

"ನೋಡಾಂವ ನೋಡ್ತಾನ. ನೀನ ನೆಕ್ಕು."

ಸಿದ್ದವ್ವ ನೆಕ್ಕಿದಳು. ಬಾಯಿ ಮುದುಡಿ ಸೂಜಿಯ ಕಣ್ಣಿನಷ್ಟಾಯಿತು. ಒಗರು ಎನ್ನುವುದೊಂದು ಬಿಟ್ಟು ಬೇರೇನೂ ತೋಚಲಿಲ್ಲ.

"ಒಗರಂತ ನಮ್ಮ ಆಡಿಗೂ ಗೊತ್ತೈತಿ," ಎಂದು ಲಾಲಬಿ ಎದ್ದು ಬಣವೆಯಿಂದ ಒಂದು ಒಣ ಜೋಳದ ದಂಟು ಮುರಿದು ತಂದಳು.

ಈಕೆಗೆ ಹಸಿವು ತಲೆಗೇರಿತು ಎಂದುಕೊಂಡಳು ಸಿದ್ದವ್ವ. ಲಾಲಬಿ ದಂಟಿನ ಬುಡಕ್ಕೆ ಮೊಳೆ ಹೊಡೆದು, ಎರಡೂ ತುದಿಗೆ ಮೇಣ ಮೆತ್ತಿದಳು. ಉದ್ದ ಕುತ್ತಿಗೆಯ ಹೂಜಿ ತುಂಬ ನೀರಿಗೆ ಆ ನಿಂಬೆಗಾತ್ರದ ಪಟಕ ಕರಗಿಸಿದಳು. ಅದು ಅವಳ ಅತ್ತೆಯ ಕಾಲದ ಅಳತೆ, ಒಮ್ಮೆಯೂ ತಪ್ಪಿದ್ದಲ್ಲ. ದಂಟನ್ನು ಅದರಲ್ಲಿ ಬಿಟ್ಟಾಗ ನೆಟ್ಟಗೆ ನಿಂತು ತೇಲಿತು. ನೀರು ಮುಟ್ಟಿದ ಕಡೆಗೇ ಒಂದು ದಾರ ಕಟ್ಟಿದಳು.

ಅದೇ ದಂಟು ಬಾನಿಗಿಳಿಯಿತು. ದಾರ ನೀರಿಗಿಂತ ಒಂದು ಜೋಳದ ಕಾಳಿನಷ್ಟು ಮೇಲೆ ನಿಂತಿತು.

"ಪಟಕ ಹೆಚ್ಚಾದಷ್ಟೂ ನೀರು ದಂಟ ಮ್ಯಾಲೆ ಎತ್ತತೈತಿ," ಎಂದಳು ಲಾಲಬಿ. "ಮುಮ್ತಾಜ, ನೀರ ಹಾಕು. ಈ ಸಲ ಸಾವಕಾಶ."

ಮುಮ್ತಾಜ ತಂಬಿಗೆ ತಂಬಿಗೆಯಾಗಿ ಹಾಕಿ ಕಲಕಿದಳು. ದಾರ ಇಳಿಯಿತು, ಇನ್ನಷ್ಟು ಇಳಿಯಿತು, ಕೊನೆಗೆ ನೀರನ್ನು ಮುಟ್ಟಿತು. ಸಿದ್ದವ್ವ ಲಡಿಯನ್ನು ತಾನೇ ಬಾನಿಗಿಳಿಸಿದಳು.

ಹೊತ್ತು ಮುಳುಗಿ ಮಸೀದಿಯಲ್ಲಿ ಬಾಂಗ್ ಕೂಗಿದ ಮೇಲೆ ಲಾಲಬಿ ಖರ್ಜೂರ ತಿಂದು, ನೀರು ಕುಡಿದು, ಬಾನಿಗೆ ಬೆರಳದ್ದಿ ನೆಕ್ಕಿದಳು. ಹದ ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು.

ಮರುದಿನ ದಾಳಿಂಬೆ ಹಣ್ಣು ನಾಚುವಂಥ ಕೆಂಪು ಬಂತು. ಸಿದ್ದವ್ವ ಮೂರು ಸಲ ಜಾಲಾಡಿದರೂ ನೀರು ತಿಳಿಯಾಗಿಯೇ ಇತ್ತು. ಇಳಕಲ್ಲಿನಲ್ಲಿ ಒಬ್ಬಾಕೆ ದಂಟಿಗೂ ನಾಲಿಗೆ ಕೊಟ್ಟಳೆಂದು ಬಾಗಲಕೋಟೆಯತನಕ ಸಾರಿಬರಬೇಕೆನಿಸಿತು ಅವಳಿಗೆ. ಸದ್ಯಕ್ಕೆ ಆ ದಂಟನ್ನು ಮನೆಗೊಯ್ದು ಅಮಾತೆಪ್ಪನಿಗೆ ತೋರಿಸುತ್ತೇನೆಂದು ಕೇಳಿದಳು.

ಲಾಲಬಿ ಅದನ್ನು ಸೂರಿಗೆ ಸಿಕ್ಕಿಸಿದಳು. "ಇಲ್ಲೇ ಇರ್ಲಿ ಬಿಡಬೇ. ಇನ್ನೂ ಹದಿನೆಂಟ ರೋಜಾ ಅದಾವ."