ರೆಕಾರ್ಡಿಂಗಿನಲ್ಲಿ ಉಳಿದ ಹೆಸರು

ಬಾಗೇವಾಡಿಯ ಜಯಮಾಲಾ ವಾರಕ್ಕೊಂದು ಹಾಡನ್ನು ತನ್ನ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿ, ಅದು ಯಾರಿಂದ ಹೇಗೆ ಸಿಕ್ಕಿತೆಂಬ ಕತೆಯೊಂದಿಗೆ ಯೂಟ್ಯೂಬಿಗೆ ಹಾಕುತ್ತಾಳೆ. ಆ ಹೊತ್ತಿನಲ್ಲಿ ಪಕ್ಕದ ಮನೆಯ ನಾನು ಮಿಕ್ಸರ್ ಹಚ್ಚುವುದಿಲ್ಲ.

ಈ ವಾರದ್ದು ತಂಗಡಗಿಯ ಮುದುಕಿ ಚನ್ನವ್ವ ಕಲಿಸಿದ ಬೀಸುವ ಹಾಡು. ಜೊತೆಗೆ ಚನ್ನವ್ವನ ಮಾತನ್ನೂ ಸೇರಿಸಿದ್ದಳು. ಫೋನಿನ ರೆಕಾರ್ಡಿಂಗ್ ನಿಂತಿದೆ ಎಂದುಕೊಂಡ ಚನ್ನವ್ವ ಅದರಲ್ಲಿ ನಗುತ್ತ ಗಂಡನ ಹೆಸರು ಹೇಳಿಬಿಟ್ಟಿದ್ದಳು. ಅವಳ ಕಾಲದ ಹೆಂಗಸರು ಪದ್ಯದಲ್ಲಿ ಹೆಣೆದು ಒಡಪು ಹೇಳುವಾಗ ಬಿಟ್ಟರೆ ಗಂಡನ ಹೆಸರೆತ್ತುವುದಿಲ್ಲ. ಜಯಮಾಲಾಳಿಗೆ ಅದು ಹೊಳೆದದ್ದು ಊರೆಲ್ಲ ಕೇಳಿದ ಮೇಲೆ, ಚನ್ನವ್ವನೇ ಫೋನು ಮಾಡಿ "ಬರಾಕತ್ತೇನಿ, ಮನ್ಯಾಗ ಇರು" ಎಂದಾಗ.

"ಅಕ್ಕೋರ, ಚನ್ನವ್ವ ಆಯಿ ಇನ್ನ ಒಂದು ಹಾಡೂ ಕಲಸಂಗಿಲ್ಲ ನೋಡ್ರಿ. ಮನ್ಯಾಗ ಜಗಳ ಆಗೇತೋ ಏನೋ," ಎಂದಳು ನನ್ನನ್ನು ಕರೆಸಿಕೊಂಡ ಜಯಮಾಲಾ.

ನಾನು ಅವಳ ಅಡುಗೆಮನೆಯಲ್ಲೇ ಚಹಾಕ್ಕಿಟ್ಟೆ. ರಿಕ್ಷಾದ ಸದ್ದಾದಾಗೆಲ್ಲ ಅವಳು ಬಾಗಿಲಿಗೆ ಹೋಗಿ ಬರುತ್ತಿದ್ದಳು.

ಚನ್ನವ್ವ ಬಂದವಳೇ ಸೆರಗಿನಿಂದ ಬೆವರೊರೆಸಿಕೊಂಡಳು.

"ಏನವಾ, ನನ್ನ ಮರ್ಯಾದಿನೂ ಯೂಟ್ಯೂಬಿಗೆ ಹಾಕಿದಿ?"

"ತಪ್ಪಾತ್ರಿ ಆಯಿ, ಈಗ ತೆಗಿತೇನಿ. ಮುತ್ಯಾಗ ಸಿಟ್ಟು ಬಂದೈತೇನ್ರಿ?" ಎಂದು ಜಯಮಾಲಾ ಅವಳ ಗಂಡನ ಬಗ್ಗೆ ಕೇಳಿದಳು.

"ಎಲ್ಲೀ ಸಿಟ್ಟು! ಮುಂಜಾನಿಂದ ಫೋನು ಕಿವಿಗೆ ಹಚ್ಕೊಂಡು ಅದನ್ನ ಕೇಳ್ಕೋತ ಕುಂತಾರ. ರೊಟ್ಟಿ ಉಣ್ಣಾಕ ಬರ್ರಿ ಅಂದ್ರ, ಹೆಸರು ಹಿಡದು ಕರಿ, ಬರ್ತೇನಿ ಅಂತಾರ!"

ನಗಬೇಕೋ ಬೇಡವೋ ತಿಳಿಯದೆ ಜಯಮಾಲಾ ನನ್ನತ್ತ ನೋಡಿದಳು. ನಾನು ಚನ್ನವ್ವನಿಗೆ ಚಹಾ ಕೊಟ್ಟೆ.

"ಹಾಡು ಇರ್ಲಿ. ಹೆಸರಷ್ಟ ತೆಗಿ, ಮಂದಿ ಕೇಳೂದು ಬ್ಯಾಡ," ಎಂದಳು ಚನ್ನವ್ವ. ಆಮೇಲೆ ಕಪ್ಪಿನೊಳಗೆ ನೋಡುತ್ತ ದನಿ ತಗ್ಗಿಸಿದಳು. "ತೆಗದಿದ್ದನ್ನ ಒಗಿಬ್ಯಾಡ ಮತ್ತ. ನಮ್ಮವರ ಫೋನಿಗೆ ಹಾಕು."