ಡಿಸೆಂಬರಿನ ಟೊಮೇಟೊ ಸಸಿಗಳು

ಕುಂಗುರ್ ಪಟ್ಟಣದಲ್ಲಿ ಯಾರಿಗೇ ಆಗಲಿ ಟೊಮೇಟೊ ಬೀಜ ಯಾವಾಗ ಬಿತ್ತಬೇಕೆಂಬ ಅನುಮಾನ ಬಂದರೆ ಅವ್ಗುಸ್ತಾ ಯೆಗೋರೊವ್ನಾಳನ್ನು ಕೇಳುತ್ತಿದ್ದರು. ಊರಾಚೆಯ ಗಾಜಿನ ಮನೆಗಳಲ್ಲಿ ಮೂವತ್ತೈದು ವರ್ಷ ಸಸಿ ಬೆಳೆಸಿ ನಿವೃತ್ತಳಾದ ಹೆಂಗಸು ಅವಳು. ಮಾರ್ಚ್ ತಿಂಗಳ ನಡುವಿಗೆ ಮುಂಚೆ ಯಾರೋ ಬಿತ್ತಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಮಾರುಕಟ್ಟೆಯಲ್ಲೇ ನಿಲ್ಲಿಸಿಕೊಂಡು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. "ಬೆಳಕೇ ಇಲ್ಲ, ಆ ಪಾಪದ್ದು ಏನು ತಿಂದು ಬದುಕ್ಬೇಕು? ನಿನ್ನ ಆತುರಾನಾ?" ಎಂದು ಗದರುತ್ತಿದ್ದಳು. ಬೈಸಿಕೊಂಡವರು ನಗುತ್ತ ಹೋಗಿ, ಮುಂದಿನ ವರ್ಷ ಅವಳು ಹೇಳಿದ ದಿನಕ್ಕೇ ಬಿತ್ತುತ್ತಿದ್ದರು.

ತಂಗಿ ರಿಮ್ಮಾ ತನ್ನ ಗಂಡ ತೀರಿಕೊಂಡ ಮೇಲೆ ಬಂದು ಅವಳ ಜೊತೆ ಇದ್ದಳು. ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಕ್ಕನಿಗೆ ಎಪ್ಪತ್ಮೂರು, ತಂಗಿಗೆ ಅರವತ್ತಾರು.

ಡಿಸೆಂಬರಿನ ಒಂದು ಬೆಳಿಗ್ಗೆ ರಿಮ್ಮಾ ರೊಟ್ಟಿ, ಎಲೆಕೋಸು ತೆಗೆದುಕೊಂಡು ಮನೆಗೆ ಬಂದಳು. ಕೈಗವಸು ಬಿಚ್ಚುವಾಗಲೇ ಒದ್ದೆ ಮಣ್ಣಿನ ವಾಸನೆ ಬಂತು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಅರ್ಧಕ್ಕೆ ಕತ್ತರಿಸಿದ ಹಾಲಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವ್ಗುಸ್ತಾ ಮುಂಗೈವರೆಗೆ ಮಣ್ಣಾಗಿ, ಚಮಚದ ಹಿಡಿಯಿಂದ ಕೊನೆಯ ಡಬ್ಬಿಯ ಮಣ್ಣನ್ನು ಒತ್ತುತ್ತಿದ್ದಳು.

"ಏನಕ್ಕಾ ಇದು?"

"ಏನು ಅಂದ್ರೆ? ಟೊಮೇಟೊ ಹಾಕ್ದೆ. ನೀನಂತೂ ನೆನಪು ಮಾಡ್ಲಿಲ್ಲ."

ಅಕ್ಕ ತಮಾಷೆ ಮಾಡುತ್ತಿದ್ದಾಳೆಂದು ರಿಮ್ಮಾ ನಕ್ಕಳು. ಹೊರಗೆ ಮೂಗು ಕಿತ್ತುಹೋಗುವಂಥ ಚಳಿ, ಗಾಜಿನ ಒಳಮೈಗೂ ಮಂಜು ಹೆಪ್ಪುಗಟ್ಟಿತ್ತು. ಅವ್ಗುಸ್ತಾ ನಗಲಿಲ್ಲ. ಮೇಜಿನ ಮೇಲೆ ಒಂದು ಕಾಗದದ ಲಕೋಟೆ ಬಾಯಿ ತೆರೆದು ಬಿದ್ದಿತ್ತು. ಅದರ ಮೇಲೆ ಅಕ್ಕನ ದುಂಡು ಅಕ್ಷರದಲ್ಲಿ 'ಯೆಗೋರನ ಮುಷ್ಟಿ' ಎಂದಿತ್ತು. ಅದನ್ನು ನೋಡಿದ್ದೇ ರಿಮ್ಮಾಳ ನಗು ನಿಂತಿತು.

ಅದು ಅವ್ಗುಸ್ತಾಳೇ ಮಾಡಿದ ತಳಿ. ಒಳ್ಳೆಯ ಹಣ್ಣನ್ನು ಆರಿಸಿ, ಬೀಜ ತೆಗೆದು, ಮತ್ತೆ ಬಿತ್ತಿ, ಇಪ್ಪತ್ತೇಳು ಬೇಸಿಗೆಗಳಲ್ಲಿ ಕೈಗೆ ಬಂದದ್ದು. ಗುಲಾಬಿ ಬಣ್ಣದ, ಗೆರೆಗೆರೆಯ, ಮುಷ್ಟಿಗಾತ್ರದ ಹಣ್ಣು. ತಂದೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಳು. ಹಿಂದಿನ ಬೇಸಿಗೆಯಲ್ಲಿ ಅಂಗಮಾರಿ ರೋಗ ಬಂದು ತೋಟದಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ. ಉಳಿದಿದ್ದದ್ದು ಹಳೆಯ ಬೀಜದ ಆ ಒಂದು ಲಕೋಟೆ. ಈಗ ಅದೂ ಖಾಲಿ.

ಒಲೆಯ ಮೇಲೆ ಕೆಟಲ್ ಕಾದು ಕರಕಲಾದದ್ದು, ಒಂದೇ ಮಾತನ್ನು ಅಕ್ಕ ಊಟದ ಹೊತ್ತಿಗೆ ಮೂರು ಸಲ ಕೇಳಿದ್ದು, ಇವನ್ನೆಲ್ಲ ರಿಮ್ಮಾ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಿದ್ದಳು. ಬಿತ್ತನೆಯ ದಿನ ಮರೆತದ್ದನ್ನು ಯಾವುದರ ತಲೆಗೆ ಕಟ್ಟಬೇಕೋ ತೋಚಲಿಲ್ಲ. ಎಲೆಕೋಸನ್ನು ತೊಡೆಯ ಮೇಲಿಟ್ಟುಕೊಂಡು, ಕೋಟೂ ಬಿಚ್ಚದೆ ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಕಿಟಕಿಯ ಕೆಳಗೆ ಹಾಯ್ದ, ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳ ಕಾವಿಗೆ ಬೀಜಗಳು ಆರನೆಯ ದಿನಕ್ಕೇ ಮೊಳೆತವು. ನಲವತ್ತೊಂದು ಸಸಿ. ಹೊತ್ತು ಹುಟ್ಟುವುದು ಹತ್ತು ಗಂಟೆಗೆ, ಮುಳುಗುವುದು ನಾಲ್ಕಕ್ಕೆ. ಆ ನಡುವೆಯೂ ಆಕಾಶ ಬೂದಿಯ ಬಣ್ಣ. ಬೆಳಕನ್ನು ಹುಡುಕುತ್ತ ಸಸಿಗಳು ದಿನದಿನಕ್ಕೂ ಉದ್ದವಾದವು, ಬಿಳಿಚಿಕೊಂಡವು, ಗಾಜಿನ ಕಡೆ ಕತ್ತು ಚಾಚಿ ಒಂದರ ಮೇಲೊಂದು ಒರಗಿದವು. ಜನವರಿ ಮೊದಲ ವಾರದಲ್ಲಿ ಹದಿನಾಲ್ಕು ಸಸಿಗಳು ಬುಡದಲ್ಲೇ ಬಾಗಿ ಸತ್ತವು.

ಎದುರು ಮನೆಯ ಫಾನಿಯಾ ಉಪ್ಪು ಕೇಳಲು ಬಂದವಳು ಕಿಟಕಿ ನೋಡಿ ಬಾಯಿ ಮೇಲೆ ಕೈಯಿಟ್ಟಳು.

"ಅಯ್ಯೋ ರಿಮ್ಮಾ, ಇದೇನು, ಸ್ವೆಟರ್ ಹೆಣೆಯೋಕೆ ನೂಲು ಬೆಳೀತಿದೀರಾ? ಅವ್ಗುಸ್ತಾ ಯೆಗೋರೊವ್ನಾ ಮನೇಲಿ ಇಂಥಾ ಸಸೀನಾ!"

ಆ ಮಾತು ಕೇಳಿಯೇ ಅವ್ಗುಸ್ತಾ ಒಳಕೋಣೆಯಿಂದ ಬಂದಳು. ಅವತ್ತು ಅವಳ ಕಣ್ಣು ತಿಳಿಯಾಗಿತ್ತು. ಡಬ್ಬಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಕಾಂಡವನ್ನು ಮುಟ್ಟಿದಳು.

"ಯಾವ ದಡ್ಡಿ ಇಷ್ಟು ಬೇಗ ಬಿತ್ತಿದ್ದು?"

ಫಾನಿಯಾ ರಿಮ್ಮಾಳ ಮುಖ ನೋಡಿದಳು. ರಿಮ್ಮಾ ಲಕೋಟೆಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು.

"ನಾನೇ ಅಕ್ಕಾ."

"ನೀನಾ! ನಲವತ್ತು ವರ್ಷದಿಂದ ನನ್ನ ನೋಡ್ತಿದೀಯ, ಒಂದಿಷ್ಟಾದ್ರೂ ತಲೆಗೆ ಹೋಗ್ಬಾರ್ದಾ? ಇದು ಸಸಿ ಅಲ್ಲ ಕಣೆ, ಆಸ್ಪತ್ರೆಯಿಂದ ಎದ್ದು ಬಂದಿರೋ ರೋಗಿ!"

"ಈಗೇನು ಮಾಡ್ಲಿ, ಅದನ್ನ ಹೇಳು."

ಅವ್ಗುಸ್ತಾ ಸರಾಗವಾಗಿ ಹೇಳತೊಡಗಿದಳು. ಮೊದಲು ಕೋಣೆಯ ಬಿಸಿ ಕಮ್ಮಿ ಮಾಡು, ಬೆಚ್ಚಗಿದ್ದಷ್ಟೂ ಅದು ಉದ್ದವಾಗುತ್ತೆ. ನೀರು ಅಳತೆಯಲ್ಲಿ ಹಾಕು. ದೀಪ ಒಂದು ಗೇಣಿನಷ್ಟು ಮೇಲಿರಲಿ. ಬೇರೆ ಡಬ್ಬಿಗೆ ಕಿತ್ತು ನೆಡುವಾಗ ಕತ್ತಿನವರೆಗೂ ಹೂತುಬಿಡು, ಟೊಮೇಟೊ ಕಾಂಡದ ಉದ್ದಕ್ಕೂ ಬೇರು ಬಿಡುತ್ತೆ. ಹಾಗೂ ಉದ್ದವಾದರೆ ತಲೆ ಕತ್ತರಿಸಿ ನೀರಿನ ಲೋಟದಲ್ಲಿಡು. ಹೇಳುತ್ತ ಹೇಳುತ್ತ ತಾನೇ ತೋಳು ಮಡಿಚಿ, ನಾಲ್ಕು ಸಸಿಗಳನ್ನು ಹೂತು ತೋರಿಸಿದಳು. ಬೆರಳು ಒಂದು ಸಲವೂ ತಪ್ಪಲಿಲ್ಲ.

ರಿಮ್ಮಾ ಕೊಳವೆಗಳಿಗೆ ಕಂಬಳಿ ಹೊದಿಸಿದಳು. ಮನೆಯಲ್ಲಿ ಇಬ್ಬರೂ ಉಣ್ಣೆಯ ಬೂಟು ಹಾಕಿಕೊಂಡು ಓಡಾಡತೊಡಗಿದರು. ಮೇಜಿನ ದೀಪವನ್ನು ಹಗ್ಗ ಕಟ್ಟಿ ಕಿಟಕಿಗೆ ತೂಗುಹಾಕಿದಳು.

ನಾಲ್ಕು ದಿನ ಕಳೆದ ಮೇಲೆ ಅವ್ಗುಸ್ತಾ ಮತ್ತೆ ಕಿಟಕಿಯ ಮುಂದೆ ನಿಂತು ಕೇಳಿದಳು. "ಯಾವ ದಡ್ಡಿ ಇಷ್ಟು ಬೇಗ ಬಿತ್ತಿದ್ದು?" ರಿಮ್ಮಾ ಮತ್ತೆ "ನಾನೇ" ಎಂದಳು. ಮತ್ತೆ ಅದೇ ಬೈಗುಳ, ಅದೇ ಪಾಠ. ವಾರಕ್ಕೆರಡು ಸಲ ಹೀಗಾಗತೊಡಗಿತು. ಫೆಬ್ರವರಿಯಲ್ಲಿ ಅವ್ಗುಸ್ತಾ ಬೀದಿಯ ಹೆಸರು ಮರೆತಳು, ಮಾತಿನ ನಡುವೆ ದಾರಿ ತಪ್ಪಿ ನಿಲ್ಲುತ್ತಿದ್ದಳು. ತಂಗಿಯನ್ನು ಬೈಯುವ ಆ ಹತ್ತು ನಿಮಿಷ ಮಾತ್ರ ಅವಳು ಪೂರ್ತಿ ಅವಳೇ ಆಗಿರುತ್ತಿದ್ದಳು. ಬೈಸಿಕೊಳ್ಳದೆ ಐದಾರು ದಿನ ಹೋದರೆ ರಿಮ್ಮಾಳಿಗೇ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಆಗ ಬೇಕೆಂದೇ ಒಂದು ಡಬ್ಬಿಯನ್ನು ತಂದು ಅಕ್ಕನ ಊಟದ ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದಳು.

ಏಪ್ರಿಲ್‌ನಲ್ಲಿ ರಿಮ್ಮಾ ತಾಳ್ಮೆಗೆಟ್ಟಳು.

ಆ ವಾರವೆಲ್ಲ ಅವಳಿಗೆ ಜ್ವರ. ಸೂಪು ಕುದಿಯುತ್ತಿತ್ತು, ಅಕ್ಕ ಬಟ್ಟೆ ಬದಲಿಸಲು ಒಲ್ಲೆನೆಂದು ಹಟ ಹಿಡಿದಿದ್ದಳು. ಅದರ ನಡುವೆ, ಹೂತ ಸಸಿಗಳಲ್ಲಿ ಐದನ್ನು ಕಿತ್ತು, ಬೇರು ಬಂದಿದೆಯೋ ಎಂದು ನೋಡಿ, ಮೇಜಿನ ಮೇಲೆ ಒಣಗಲು ಬಿಟ್ಟಿದ್ದಳು. ಅವುಗಳ ಪಕ್ಕದಲ್ಲೇ ನಿಂತು ತಂಗಿಗೆ ಹೇಳಿದಳು.

"ನೋಡು ನಿನ್ನ ಕೆಲಸ. ಒಂದು ಬೀಜ ಬಿತ್ತೋಕೂ ಬರಲ್ಲ. ಅಪ್ಪನ ಹೆಸರು ಹಾಳು ಮಾಡಿದೆ."

"ನಾನಲ್ಲ!" ರಿಮ್ಮಾ ಕೂಗಿದಳು. "ನೀನು ಕಣೆ, ನೀನು! ಡಿಸೆಂಬರ್‌ನಲ್ಲಿ ನೀನೇ ಕೂತ್ಕೊಂಡು ಬಿತ್ತಿದೆ, ಇರೋ ಬೀಜಾನೆಲ್ಲಾ! ನಿಂಗೆ ಯಾವ್ದೂ ನೆನಪಿರಲ್ಲ!"

ಅವ್ಗುಸ್ತಾ ತಂಗಿಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಡಿಸೆಂಬರ್‌ನಲ್ಲಾ?" ಎಂದಳು ಮೆಲ್ಲಗೆ. "ನಾನಾ?"

ಸೂಪು ಉಕ್ಕಿ ಒಲೆಯ ಮೇಲೆ ಸುರಿಯಿತು. ರಿಮ್ಮಾ ಒಲೆ ಆರಿಸಿ ತಿರುಗುವಷ್ಟರಲ್ಲಿ ಅಕ್ಕ ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ನಾಳೆಗೆ ಇದನ್ನೂ ಮರೆಯುತ್ತಾಳೆ ಎಂದು ರಿಮ್ಮಾ ಸಮಾಧಾನ ಮಾಡಿಕೊಂಡಳು. ಏನು ಮರೆತಳೋ, ಏನು ಉಳಿಯಿತೋ, ಅಂದಿನಿಂದ ಅವ್ಗುಸ್ತಾ ಕಿಟಕಿಯ ಹತ್ತಿರ ಬರಲೇ ಇಲ್ಲ. ರಿಮ್ಮಾ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲಿಟ್ಟಳು. "ನೋಡಕ್ಕಾ, ಎಷ್ಟು ಬೇಗ ಬಿತ್ತಿಬಿಟ್ಟೆ ನಾನು, ಬೈಯಿ" ಎಂದಳು. ಅವ್ಗುಸ್ತಾ ತಟ್ಟೆಯನ್ನು ಆಚೆ ಸರಿಸಿಕೊಂಡು, ಕಣ್ಣೆತ್ತದೆ ಊಟ ಮುಗಿಸಿದಳು.

ಜೂನ್ ಮೊದಲ ವಾರ ಚಳಿ ಕಳೆದ ಮೇಲೆ ಇಬ್ಬರೂ ಬಸ್ಸಿನಲ್ಲಿ ಊರಾಚೆಯ ತೋಟಕ್ಕೆ ಹೋದರು. ಉಳಿದದ್ದು ಒಂಬತ್ತು ಗಿಡ, ಅವುಗಳಲ್ಲಿ ನಾಲ್ಕು ತಲೆ ಕತ್ತರಿಸಿ ಬೇರು ಬರಿಸಿದವು. ಫಾನಿಯಾ ತನ್ನ ಮೊಣಕಾಲು ನೋವನ್ನೂ ಲೆಕ್ಕಿಸದೆ ಬುಟ್ಟಿ ಹೊತ್ತುಕೊಂಡು ಬಂದಳು. ರಿಮ್ಮಾ ಉದ್ದುದ್ದ ಕಾಲುವೆ ತೋಡಿ, ಕಾಂಡಗಳನ್ನು ಮಲಗಿಸಿ, ತುದಿಯ ಎಲೆಗಳಷ್ಟನ್ನೇ ಹೊರಗೆ ಬಿಟ್ಟು ಮಣ್ಣು ಮುಚ್ಚಿದಳು.

"ಇಷ್ಟು ಆಳ ಸಾಕಾ ಅಕ್ಕಾ?"

ಬೆಂಚಿನ ಮೇಲೆ ಕುಳಿತಿದ್ದ ಅವ್ಗುಸ್ತಾ ತಲೆಯಾಡಿಸಿದಳು. "ನಂಗೆ ತಿಳಿಯಲ್ಲಮ್ಮ. ತಿಳಿದೋರನ್ನ ಕೇಳು."

ಫಾನಿಯಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಳ್ಳುತ್ತ, ನೀರು ತರುವ ನೆಪ ಹೇಳಿ ಬಾವಿಯ ಕಡೆ ಹೋದಳು. ರಿಮ್ಮಾ ಮೊಣಕಾಲೂರಿ ಒಂದೊಂದೇ ಗಿಡದ ಬುಡದ ಮಣ್ಣನ್ನು ಅಂಗೈಯಿಂದ ಒತ್ತತೊಡಗಿದಳು.

ಒಂಬತ್ತರಲ್ಲಿ ಆರು ಗಿಡ ಬದುಕಿದವು. ಆಗಸ್ಟ್ ಕೊನೆಗೆ ಮೊದಲ ಹಣ್ಣು ಬಂತು. ಗೆರೆಗೆರೆಯ, ಗುಲಾಬಿ ಬಣ್ಣದ, ತುಸು ಸಣ್ಣ ಹಣ್ಣು. ರಿಮ್ಮಾ ಅದನ್ನು ದಪ್ಪ ಹೋಳು ಮಾಡಿ, ಉಪ್ಪು ಉದುರಿಸಿ, ರೊಟ್ಟಿಯ ಜೊತೆ ಅಕ್ಕನ ಮುಂದಿಟ್ಟಳು. ಅವ್ಗುಸ್ತಾ ನಿಧಾನವಾಗಿ ತಿಂದಳು. ರಸ ಗಲ್ಲಕ್ಕೆ ಇಳಿಯಿತು.

"ತುಂಬಾ ಚೆನ್ನಾಗಿದೆ," ಎಂದಳು. "ಎಲ್ಲಿಂದ ತಂದ್ರಿ ಇದನ್ನ?"

ತಂದ್ರಿ. ಹೊರಗಿನವರೊಡನೆ ಆಡುವ ಹಾಗೆ, ಮರ್ಯಾದೆಯಿಂದ. ರಿಮ್ಮಾ ಚಾಕುವನ್ನು ತಟ್ಟೆಯ ಪಕ್ಕದಲ್ಲಿಟ್ಟಳು.

"ನಮ್ಮ ತೋಟದ್ದೇ," ಎಂದಳು.

"ಬೀಜ ಬಿಸಾಡ್ಬೇಡಿ. ಒಳ್ಳೇ ಜಾತಿ."

ರಿಮ್ಮಾ ಹೋಳುಗಳಿಂದ ಬೀಜವನ್ನು ಚಮಚದಲ್ಲಿ ಕೆರೆದು ಗಾಜಿನ ಲೋಟಕ್ಕೆ ಹಾಕತೊಡಗಿದಳು. ಅವ್ಗುಸ್ತಾ ಅದನ್ನೇ ಸ್ವಲ್ಪ ಹೊತ್ತು ನೋಡಿ, ತಟ್ಟೆಯಲ್ಲಿ ಉಳಿದಿದ್ದ ಎರಡು ಹೋಳುಗಳ ಮೇಲೆ ಕೈ ಅಡ್ಡ ಇಟ್ಟಳು.

"ಇದನ್ನ ಮುಚ್ಚಿಡಿ. ನನ್ನ ತಂಗಿ ಬರೋ ಹೊತ್ತಾಯ್ತು. ಅವಳಿಗೆ ಇದಂದ್ರೆ ಪ್ರಾಣ."

ರಿಮ್ಮಾ ಎದ್ದು ಒಂದು ಬಟ್ಟಲು ತಂದು, ಆ ಎರಡು ಹೋಳುಗಳ ಮೇಲೆ ಮುಚ್ಚಿಟ್ಟಳು.